ಹಾಗಲ್ಲ ಮೇಡಂ

ಜೂನ್ 8, ಶನಿವಾರ, ಸಂಜೆ

ಎಡಗೈ ಮತ್ತೆ ಸೋತಿತು. ಸ್ವಲ್ಪ ಅನುಕೂಲವಾಗಲಿ ಅಂತ ಅದಕ್ಕೆ ಯಾವಾಗಲೂ ಬೆಟ್ಟದ ಕಡೆಯನ್ನೇ ಕೊಡುತ್ತೇನೆ. ಆದರೂ ಸೋಲುತ್ತದೆ. ಅದರ ಉಪಾಯವೆಲ್ಲ ಬಲಗೈಗೆ ಮೊದಲೇ ಗೊತ್ತಲ್ಲ.

ಆಟ ಕಲಿಸಿದ ಲ್ಯಾಬಿನ ಹಿರಿಯರು ಮಗಳ ಊರಿಗೆ ಹೋದ ಮೇಲೆ ಎದುರಿಗೆ ಕೂರುವವರೇ ಇಲ್ಲ, ಎರಡೂ ಕಡೆ ನಾನೇ. ಹೆಬ್ಬೆರಳುದ್ದದ ಸೈನಿಕರು, ಥರ್ಮಾಕೋಲ್ ಬೆಟ್ಟ, ಎರಡು ದಾಳ, ಒಂದು ಸ್ಕೇಲು. ಅಳೆದು ನಡೆಸಬೇಕು, ದಾಳ ಹಾಕಿ ಹೊಡೆಯಬೇಕು, ಎದುರಿನವರ ಬಾವುಟ ಮೊದಲು ಮುಟ್ಟಿದವರು ಗೆದ್ದರು. ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯ ಸಿಗುವುದಿಲ್ಲ ಅಂದರೆ!

"ಯುದ್ಧ ಮುಗಿದ್ರೆ ಹೇಳು, ತಟ್ಟೆ ಇಡ್ತೀನಿ," ಎಂದರು ಅತ್ತಿಗೆ. ಊಟದ ಮೇಜು ಅವರದು. ಮನೆ ಅಣ್ಣನದು. ನನ್ನದು ಅಂತ ಇರುವುದು ಸೈನ್ಯ ಮಾತ್ರ.

ಲೈಬ್ರರಿಯನ್ ಕೊನೆಗೂ ಒಪ್ಪಿದರು. ಶನಿವಾರ ಸಂಜೆ ಮಹಡಿ ಮೇಲಿನ ಕೋಣೆ ನನಗೆ. ಷರತ್ತು ಒಂದು: ಜುಲೈ ಕೊನೆಯ ಶನಿವಾರದೊಳಗೆ ಎಂಟು ಜನ ಸೇರಿ ಲೀಗ್ ಶುರುವಾಗಬೇಕು. ಇಲ್ಲದಿದ್ದರೆ ಕೋಣೆ ಜುಂಬಾ ಕ್ಲಾಸಿಗೆ. ನೋಟಿಸ್ ಬೋರ್ಡಿಗೆ ನಾನೇ ಚೀಟಿ ಅಂಟಿಸಿ ಬಂದೆ. ಪಿನ್ನು ಕೂಡ ನಂದೇ.

ಜೂನ್ 15, ಶನಿವಾರ

ಆರು ಜನ ಬಂದರು! ಸಿಟಿ ಬಸ್ ಡ್ರೈವರ್. ರಿಟೈರಾದ ನರ್ಸಮ್ಮ. ಲೈಬ್ರರಿ ಎದುರಿನ ಜೆರಾಕ್ಸ್ ಅಂಗಡಿಯವನು. ಉಳಿದ ಮೂವರು ಒಂದೇ ಆಫೀಸಿನವರು — ಒಟ್ಟಿಗೆ ಬಂದರು, ಒಟ್ಟಿಗೆ ಕೂತರು, ಒಟ್ಟಿಗೆ ಆಕಳಿಸಿದರು.

ಸೈನ್ಯ ನೋಡಿ ಖುಷಿಪಟ್ಟರು. ಒಂದು ಪಡೆ ಗುಲಾಬಿ, ಒಂದು ಬಿಳಿ. ಬಣ್ಣ ಯಾಕೆ ಹೀಗೆ ಅಂತ ನರ್ಸಮ್ಮ ಕೇಳಿದರು. ನಾನು ಹಲ್ಲಿನ ಸೆಟ್ ಮಾಡುವವಳು, ಉಳಿದ ಪುಡಿಯಲ್ಲೇ ಇವರನ್ನು ಮಾಡಿದ್ದು, ಗುಲಾಬಿ ವಸಡಿನ ಪುಡಿಯದು, ಬಿಳಿ ಹಲ್ಲಿನದು ಎಂದೆ. ಜೆರಾಕ್ಸಿನವನು ಹಿಡಿದಿದ್ದ ಸೈನಿಕನನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಂಗಾದ್ರೆ ಗುಲಾಬಿಯೋರು ಹಲ್ಲಿಲ್ಲದ ಸೈನ್ಯ," ಎಂದ ಡ್ರೈವರ್. ಎಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಿಯಮದ ಪುಸ್ತಕ ತೆಗೆದು ಮೊದಲ ಪುಟದಿಂದ ಶುರುಮಾಡಿದೆ. ಅರವತ್ತು ಪುಟ, ಹಿರಿಯರು ಟೈಪ್ ಮಾಡಿಸಿದ್ದು. ಟೀ ಬರುವ ಹೊತ್ತಿಗೆ ಇನ್ನೂ ಬೆಟ್ಟ ಹತ್ತುವ ಅಧ್ಯಾಯದಲ್ಲೇ ಇದ್ದೆವು.

"ಮೇಡಂ, ಹೊಡೆದಾಡೋದು ಯಾವಾಗ?" — ಡ್ರೈವರ್.

ಮುಂದಿನ ವಾರ, ಎಂದೆ. ಒಬ್ಬರಿಗೂ ತಾಳ್ಮೆ ಅನ್ನುವುದೇ ಇಲ್ಲ.

ಜೂನ್ 18

ಲ್ಯಾಬ್. ಹೊಸದಾಗಿ ಸೇರಿದ ಹುಡುಗಿ ಮೇಣದ ಮೇಲೆ ಹಲ್ಲು ಜೋಡಿಸುವಾಗ ಅರ್ಧ ಮಿಲ್ಲಿಮೀಟರ್ ಆಚೆ ಕೂರಿಸಿದಳು. ಹಾಗಲ್ಲ ಎಂದೆ. ಮತ್ತೆ ಜೋಡಿಸಿದಳು. ಹಾಗಲ್ಲ. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಅರ್ಧ ಮಿಲ್ಲಿಮೀಟರ್ ಅಂದರೆ ಯಾರದೋ ಬಾಯಲ್ಲಿ ಹುಣ್ಣು.

ಜೂನ್ 22, ಶನಿವಾರ

ತಲೆ ಚಿಟ್ಟು ಹಿಡಿದು ಹೋಯಿತು.

ನರ್ಸಮ್ಮ ಸತ್ತ ಸೈನಿಕರನ್ನು ಮೇಜಿನಿಂದ ತೆಗೆಯಲು ಬಿಡುವುದಿಲ್ಲ. ಕರ್ಚೀಫು ಹಾಸಿ ಸಾಲಾಗಿ ಮಲಗಿಸುತ್ತಾರೆ. ಏನಿದು ಅಂದರೆ, "ವಾರ್ಡು ಕಣಮ್ಮ. ಎಲ್ಲಾ ಸಾಯ್ತಾರೇನು? ಒಂದಿಬ್ಬರಾದ್ರೂ ಎದ್ದು ಬರ್ತಾರೆ."

ಹಾಗಲ್ಲ ಎಂದೆ.

ಡ್ರೈವರ್ ಕುದುರೆಯನ್ನು ಹಿಂದಕ್ಕೆ ನಡೆಸಿದ. ಕುದುರೆ ಮೊದಲು ತಿರುಗಬೇಕು, ಆಮೇಲೆ ನಡೆಯಬೇಕು. ಪುಸ್ತಕದಲ್ಲಿ ಚಿತ್ರ ಸಮೇತ ಇದೆ. "ರಿವರ್ಸ್ ಮೇಡಂ! ಇಪ್ಪತ್ತು ವರ್ಷದಿಂದ ತೆಗೀತಿದೀನಿ, ಒಂದು ಸ್ಕ್ರ್ಯಾಚ್ ಇಲ್ಲ." ಸ್ಕೇಲನ್ನು ಕುದುರೆಯ ಮೂತಿಯಿಂದ ಇಡಬೇಕು, ಇವನು ಬಾಲದಿಂದ ಇಡುತ್ತಾನೆ. ಬಸ್ಸನ್ನೂ ಹೀಗೇ ಅಳೆಯುತ್ತಾನೋ ಏನೋ.

ಹಾಗಲ್ಲ, ಹಾಗಲ್ಲ, ಹಾಗಲ್ಲ. ಗಂಟಲು ಒಣಗಿತು. ಒಂದು ಆಟವೂ ಮುಗಿಯಲಿಲ್ಲ. ಹೋಗುವಾಗ ಜೆರಾಕ್ಸಿನವನು ಪುಸ್ತಕ ಕೇಳಿದ, ಎಲ್ಲರಿಗೂ ಒಂದೊಂದು ಕಾಪಿ ತೆಗೆಯುತ್ತಾನಂತೆ. ಸದ್ಯ, ಒಬ್ಬನಿಗಾದರೂ ಓದುವ ಆಸೆ ಇದೆಯಲ್ಲ.

ಜೂನ್ 23, ಭಾನುವಾರ

ಇರುವವರು ಆರು, ನಾನು ಏಳು. ಇನ್ನೊಬ್ಬರು ಬೇಕು. ಅತ್ತಿಗೆಯ ಕಾಲು ಹಿಡಿದೆ, ಹೆಚ್ಚುಕಡಿಮೆ.

"ನಂಗೆ ಇದೆಲ್ಲ ಬರಲ್ಲಪ್ಪ," ಅನ್ನುತ್ತಲೇ ಕೂತರು. ಬಿಳಿ ಪಡೆ ಆರಿಸಿಕೊಂಡರು. ಎಲ್ಲರನ್ನೂ ಒಂದೇ ಕಡೆ ಗುಂಪಾಗಿ ನಿಲ್ಲಿಸಿದರು. ಹಾಗಲ್ಲ. ಬಿಲ್ಲಿನವರನ್ನು ಮುಂದೆ ತಂದರು. ಹಾಗಲ್ಲ. ದಾಳವನ್ನು ಬೊಗಸೆಯಲ್ಲಿ ಕುಲುಕಿದರು. ಅದಕ್ಕೂ ಹಾಗಲ್ಲ ಎಂದೆನಂತೆ. ನನಗೆ ನೆನಪಿಲ್ಲ.

ಎದ್ದುಬಿಟ್ಟರು. "ನಿನ್ನಾಟ ನೀನೇ ಆಡ್ಕೊ ತಾಯಿ. ನಂಗೆ ಬೇಕಾದಷ್ಟು ಕೆಲಸ ಇದೆ."

ಅಣ್ಣ ಪೇಪರಿನ ಹಿಂದಿನಿಂದ, "ಕಲಿಯೋಕೆ ಬಂದೋರನ್ನ ಓಡಿಸೋದ್ರಲ್ಲಿ ನೀನು ಎತ್ತಿದ ಕೈ." ಪೇಪರ್ ಇಳಿಸಲೂ ಇಲ್ಲ.

ನಾನೇನು ಓಡಿಸಿದೆ? ತಪ್ಪನ್ನು ತಪ್ಪು ಅನ್ನಬಾರದೇ?

ಜೂನ್ 29, ಶನಿವಾರ

ಬಂದವರು ಮೂವರು. ಆಫೀಸಿನವರು ಒಟ್ಟಿಗೆ ಕೈಕೊಟ್ಟರು.

ಜುಲೈ 6, ಶನಿವಾರ

ನರ್ಸಮ್ಮ ಒಬ್ಬರೇ. ಮಂಡಿನೋವು ಅಂತ ಬೇಗ ಎದ್ದರು. ಮೆಟ್ಟಿಲನ್ನು ಮಾತ್ರ ಹುಡುಗಿಯ ಹಾಗೆ ಇಳಿದು ಹೋದರು.

ಜುಲೈ 13, ಶನಿವಾರ

ಯಾರೂ ಇಲ್ಲ.

ಬೆಟ್ಟ ಇಟ್ಟೆ, ಎರಡೂ ಪಡೆ ನಿಲ್ಲಿಸಿದೆ, ಆರು ಕುರ್ಚಿ ಎಳೆದೆ. ಡ್ರೈವರಿಗೆ ಡ್ಯೂಟಿಯಂತೆ. ಜೆರಾಕ್ಸಿನವನ ಮೆಷಿನ್ ಕೆಟ್ಟಿದೆಯಂತೆ. ಲೈಬ್ರರಿಯನ್ ಬಾಗಿಲಲ್ಲಿ ನಿಂತು, "ಜುಂಬಾದವರು ಅಡ್ವಾನ್ಸ್ ಕೊಡ್ತೀವಿ ಅಂತಿದಾರೆ..." ಎಂದು ರಾಗ ಎಳೆದರು. ಇನ್ನೂ ಎರಡು ವಾರ ಇದೆಯಲ್ಲ ಸರ್ ಎಂದೆ. ಧ್ವನಿ ಜೋರಾಯಿತು.

ಮನೆಗೆ ಬಂದರೆ ಅತ್ತಿಗೆಯೂ ಇಲ್ಲ. ಟೈಲರ್ ಹತ್ತಿರ ಹೋಗಿದ್ದಾರೆ ಎಂದ ಅಣ್ಣ. ಮೂರು ಶನಿವಾರದಿಂದ ಟೈಲರ್. ಯಾವ ಅರಮನೆಗೆ ಪರದೆ ಹೊಲಿಸುತ್ತಿದ್ದಾರೋ!

ಅಳು ಬಂತು. ಬರೆಯಲು ನಾಚಿಕೆ, ಆದರೆ ಬಂತು. ನನಗೆ ಯಾರಾದರೂ ಎದುರಿಗೆ ಕೂತರೆ ಸಾಕು. ಯಾರ ಮುಂದಿನ ನಡೆ ನನಗೆ ಮೊದಲೇ ಗೊತ್ತಿರುವುದಿಲ್ಲವೋ ಅಂಥ ಒಬ್ಬರು.

ಜುಲೈ 14

ಸೈನ್ಯ ಎಣಿಸಿ ಡಬ್ಬಕ್ಕೆ ಹಾಕುವಾಗ ಬಿಳಿ ಪಡೆಯಲ್ಲಿ ಒಬ್ಬ ಇಲ್ಲ. ಬಾಗಿದ ಈಟಿಯವನು. ಹಿರಿಯರ ಜೊತೆ ಕೂತು ಮಾಡಿದ ಮೊದಲನೆಯವನು. ಸೋಫಾ ಅಡಿ, ಬೀರು ಹಿಂದೆ, ಅಣ್ಣನ ಶೂ ಒಳಗೆ — ಎಲ್ಲೂ ಇಲ್ಲ. ಅತ್ತಿಗೆಯನ್ನು ಕೇಳಿದರೆ, "ನಂಗೇನು ಗೊತ್ತು, ಯುದ್ಧ ಅಂದ್ಮೇಲೆ ಒಬ್ಬಿಬ್ರು ಹೋಗ್ತಾರೆ." ಗಾಯಕ್ಕೆ ಉಪ್ಪು ಸವರುವುದು ಅಂದರೆ ಇದೇ.

ಜುಲೈ 20, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇವತ್ತೂ ಯಾರೂ ಬರಲಿಲ್ಲ, ಪುಸ್ತಕವನ್ನಾದರೂ ವಾಪಸ್ ತರೋಣ ಅಂತ ಜೆರಾಕ್ಸ್ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು. ಒಳಗೆ ಲೈಟು. ಕರೆಯಬೇಕು ಅನ್ನುವಷ್ಟರಲ್ಲಿ ದಾಳ ಉರುಳಿದ ಸದ್ದು. ನನ್ನ ಕಿವಿಗೆ ಆ ಸದ್ದು ತಪ್ಪುವುದಿಲ್ಲ.

"ರಿವರ್ಸ್, ರಿವರ್ಸ್, ಬರ್ಲಿ ಬರ್ಲಿ..." — ಡ್ರೈವರ್.

"ವಾರ್ಡಿಂದ ಇಬ್ರು ಡಿಸ್ಚಾರ್ಜು!" — ಮಂಡಿನೋವಿನ ನರ್ಸಮ್ಮ.

ಆಫೀಸಿನವರಲ್ಲಿ ಯಾರೋ, "ಮೆಲ್ಲಗೆ ಮಾತಾಡ್ರಿ, 'ಹಾಗಲ್ಲ ಮೇಡಂ' ಈ ಕಡೆ ಬಂದ್ರೆ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ನಗುವಿನಲ್ಲಿ ಒಂದು ನಗು ನನಗೆ ಚೆನ್ನಾಗಿ ಗೊತ್ತು. ಬಗ್ಗಿ ನೋಡಿದೆ. ಶಟರ್ ಕೆಳಗೆ ಏಳು ಜೊತೆ ಚಪ್ಪಲಿ. ನೀಲಿ ಪಟ್ಟಿಯ ಜೊತೆ ನಮ್ಮ ಮನೆಯದು.

ಒಳಗೆ ಹೋಗಲಿಲ್ಲ. ಪುಸ್ತಕವೂ ಬೇಡ ಅನ್ನಿಸಿತು. ಬಸ್ಸಿಗೂ ಕಾಯದೆ ನಡೆದು ಬಂದೆ. ಅತ್ತಿಗೆ ಬಂದಾಗ ಬಾಗಿಲು ತೆಗೆದವಳು ನಾನೇ. "ಟೈಲರ್ ಏನಂದ?" ಎಂದೆ. "ಮುಂದಿನ ವಾರ ಅಂದ," ಎಂದರು. ಕಣ್ಣು ಮಿಟುಕಿಸಲಿಲ್ಲ!

ಜುಲೈ 21, ಭಾನುವಾರ

ಹೇಳಿಯೇ ಬಿಟ್ಟೆ. ಏಳು ಜನ ಸೇರಿ ನನ್ನ ಬೆನ್ನಿಗೆ ಚೂರಿ ಹಾಕಿದಿರಿ ಎಂದೆ. ನನ್ನ ಆಟ, ನನ್ನ ಪುಸ್ತಕ, ನನ್ನ ಸೈನಿಕ!

ಅತ್ತಿಗೆ ಗ್ಯಾಸ್ ಆಫ್ ಮಾಡಿದರು. ಕೈ ಒರೆಸಿಕೊಂಡರು. "ನಿನ್ನ ಮುಂದೆ ಕೂತ್ರೆ ಪರೀಕ್ಷೆ ಬರೆದಂಗಾಗುತ್ತೆ ಕಣೇ. ಮನೇಲಿ ದಿನವಿಡೀ ಮಾಡಿ ಹಾಕಿ, ಸಂಜೆ ಹೋಗಿ ಮತ್ತೆ ಬೈಸ್ಕೋಬೇಕಾ? ಜೆರಾಕ್ಸಿಗೆ ಅಂತ ಹೋದವಳು ಅವರ ಆಟ ನೋಡಿ ಅಲ್ಲೇ ಕೂತೆ. ಅಲ್ಲಿ ತಪ್ಪು ಮಾಡಿದ್ರೆ ನಗ್ತೀವಿ. ಅಷ್ಟೇ."

"ಹಾಗಂತ ತಪ್ಪನ್ನೇ ಆಡ್ತೀರಾ?"

"ಹೂಂ. ತಪ್ಪನ್ನೇ ಆಡ್ತೀವಿ. ಬಲು ಚೆನ್ನಾಗಿರುತ್ತೆ."

ಬ್ಯಾಗಿನಿಂದ ಬಾಗಿದ ಈಟಿಯವನನ್ನು ತೆಗೆದು ಮೇಜಿನ ಮೇಲಿಟ್ಟರು. ಸೈನಿಕ ಅಂತ ಅಲ್ಲಿ ಇವನೊಬ್ಬನೇ, ಉಳಿದವರೆಲ್ಲ ಅಂಗಿ ಗುಂಡಿ, ಬಾಟಲಿ ಮುಚ್ಚಳವಂತೆ. ಮೈಗೆ ಕೆಂಪು ನೇಲ್ ಪಾಲಿಶ್. ಮೂಗಿನ ಕೆಳಗೆ ಕಾಡಿಗೆಯ ಮೀಸೆ. ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಬಾಯಿ ತೆರೆದೆ. ಅತ್ತಿಗೆ ಬೆರಳೆತ್ತಿದರು. ಮುಚ್ಚಿದೆ.

ಆಮೇಲೆ ಮಡಚಿದ ಒಂದು ಹಾಳೆ. ನನ್ನ ಅರವತ್ತು ಪುಟ ಈಗ ಒಂದೇ ಹಾಳೆ. ಜೆರಾಕ್ಸಿನವನ ಕೈಬರಹ. ಕುದುರೆಗೆ ರಿವರ್ಸ್ ಉಂಟು. ವಾರ್ಡಿನಲ್ಲಿ ಒಂದು ಸರದಿ ಮಲಗಿ, ದಾಳದಲ್ಲಿ ಆರು ಬಿದ್ದರೆ ಎದ್ದು ಬರಬಹುದು. ಕೊನೆಯ ಸಾಲು: "ಹಾಗಲ್ಲ ಅಂದವರಿಗೆ ಒಂದು ಸರದಿ ಇಲ್ಲ."

ಮೈಯೆಲ್ಲ ಉರಿಯಿತು.

"ನಾವು ಏಳು ಜನ ಇದೀವಿ," ಎಂದರು ಅತ್ತಿಗೆ. "ಲೀಗಿಗೆ ಎಂಟು ಬೇಕು. ಜೋಡಿ ಸರಿಹೋಗಲ್ಲ. ನಿನ್ನನ್ನ ಕರೆಯೋಣ ಅಂತ ನಾನೇ ಹೇಳಿದೆ. ಎಲ್ರೂ ಒಪ್ಪಿದ್ರು... ಆ ಕೊನೇ ಸಾಲಿನ ಷರತ್ತಿನ ಮೇಲೆ."

ನಾನು ಬರುವುದಿಲ್ಲ ಎಂದೆ. ನನಗೂ ಮಾನ ಮರ್ಯಾದೆ ಇದೆ.

ಜುಲೈ 26, ಶುಕ್ರವಾರ

ನಾನು ಮಾಡಿದ ಒಂದು ಹಲ್ಲಿನ ಸೆಟ್ ವಾಪಸ್ ಬಂತು. ಬಾಯಿಯ ಅಚ್ಚಿನ ಮೇಲೆ ಕೂರಿಸಿದರೆ ಕೂದಲೆಳೆಯಷ್ಟೂ ಸಂದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಜಗಳವಾಡಿದೆ. "ಅಚ್ಚಿಗೆ ಸರಿ ಇದೆ ಕಣಮ್ಮ, ಅಜ್ಜಿ ಬಾಯಿಗೆ ಚುಚ್ಚುತ್ತೆ. ಅಗಿಯೋದು ಅಚ್ಚಲ್ಲ, ಅಜ್ಜಿ," ಎಂದರು. ಉಜ್ಜಿ ಕಳಿಸಿದೆ. ಕೋಪ ಇಳಿದಿಲ್ಲ.

ಲೈಬ್ರರಿಯನ್ ಫೋನ್. ನಾಳೆ ಸಂಜೆ ಎಂಟು ಜನರನ್ನು ಕಣ್ಣಾರೆ ನೋಡಬೇಕಂತೆ.

ಎಡಗೈ-ಬಲಗೈ ಆಡಲು ಕೂತೆ. ಎರಡು ಸರದಿಗೆ ಬೇಜಾರಾಯಿತು. ಒಬ್ಬಳೇ ಸೋಲುವುದು, ಒಬ್ಬಳೇ ಗೆಲ್ಲುವುದು. ಸಾಕಪ್ಪಾ.

ಜುಲೈ 27, ಶನಿವಾರ, ಬೆಳಿಗ್ಗೆ

ಡಬ್ಬ ಒರೆಸಿಟ್ಟಿದ್ದೇನೆ. ಹೋಗುತ್ತೇನೆ ಅಂತೇನಲ್ಲ.

ಅದೇ ದಿನ, ಸಂಜೆ, ಲೈಬ್ರರಿ ಮಹಡಿ

ಸರದಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಸರದಿ ಹೋಗಿದ್ದು ಕುರ್ಚಿಯಲ್ಲಿ ಕೂರುವ ಮೊದಲೇ: ಆಫೀಸಿನವನು ಬೆಟ್ಟವನ್ನು ತಲೆಕೆಳಗಾಗಿ ಇಟ್ಟಿದ್ದ.

ಲೈಬ್ರರಿಯನ್ ತಲೆ ಎಣಿಸಿದರು. ಎಂಟು. ನನ್ನನ್ನು ಎಣಿಸುವಾಗ ಮುಗುಳ್ನಕ್ಕರು, ಅವರಿಗೂ ನನ್ನ ಆ ಅಡ್ಡಹೆಸರು ಗೊತ್ತಿರಬೇಕು. ಜುಂಬಾದವರು ಕೆಳಗಿನ ಹಾಲಿಗೆ. ನಾಲ್ಕು ಮೇಜು, ನಾಲ್ಕು ಜೋಡಿ, ಸೈನ್ಯವೂ ನಾಲ್ಕು ಪಾಲು. ನನ್ನ ಪಾಲಿಗೆ ಡ್ರೈವರೇ ಬಿದ್ದ. ಎದುರಿಗೆ ಕೂತು, "ಮೇಡಂ, ಬೈಕೊಳ್ಳಿ ಪರವಾಗಿಲ್ಲ, ಬಾಯೊಳಗೇ ಬೈಕೊಳ್ಳಿ," ಎಂದ.

ಮತ್ತೊಂದು ಸರದಿ ಹೋಯಿತು. ಅವನ ಕುದುರೆ ಬೆಟ್ಟವನ್ನೇ ಹಾರಿತು. ಸುಮ್ಮನಿರಲು ನಾನೇನು ಕಲ್ಲೇ?

ವಾರ್ಡಿನಿಂದ ನನ್ನವನೊಬ್ಬ ಎದ್ದು ಬಂದ. ಆರು ಬಿತ್ತು! ಕೂಗಿದೆ ಅಂತ ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ನರ್ಸಮ್ಮನ ವಾರ್ಡು ಪುಸ್ತಕದಲ್ಲಿ ಇರಬೇಕಿತ್ತು.

ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ಅದಕ್ಕೆ ಕೆಲಸವಿಲ್ಲ. ಡ್ರೈವರ್ ಏನು ಮಾಡುತ್ತಾನೋ ನನಗೆ ಎಳ್ಳಷ್ಟೂ ಗೊತ್ತಾಗುತ್ತಿಲ್ಲ. ಅವನಿಗೂ ಗೊತ್ತಿದ್ದ ಹಾಗಿಲ್ಲ.

ಈಗ ಆಟ ಹೀಗಿದೆ: ಬಾಗಿದ ಈಟಿಯವನು, ಕೆಂಪು ಮೈ, ಸೊಟ್ಟ ಮೀಸೆ, ಡ್ರೈವರನ ಬಾವುಟದಿಂದ ಒಂದೇ ನಡೆ ದೂರದಲ್ಲಿದ್ದಾನೆ. ಡ್ರೈವರ್ ಈ ಸರದಿ ಮುಗಿಸಿದರೆ ನನ್ನದು. ನನ್ನ ಸರದಿ ನನಗೆ ಸಿಕ್ಕರೆ ಗೆದ್ದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಬರೆದರೆ ಸ್ವಲ್ಪ ತಡೆದುಕೊಳ್ಳಬಹುದು.

ಪಕ್ಕದ ಮೇಜಿನಿಂದ ಅತ್ತಿಗೆ, ಈ ಪುಟದತ್ತ ಕತ್ತು ಚಾಚಿ: "ಅದನ್ನ ಬರೆದ್ರೂ ಲೆಕ್ಕ."

ಡ್ರೈವರ್ ಕುದುರೆ ಎತ್ತಿಕೊಂಡ. ಸ್ಕೇಲು ತೆಗೆದುಕೊಂಡ. ಬಾಲದಿಂದ ಇಡುತ್ತಿದ್ದಾನೆ. ದೇವರೇ, ಮತ್ತೆ ಬಾಲದಿಂದ! ಹಾಗ