ನರ್ಸುಗಳ ಕೋಣೆಯ ಕ್ಯಾಮೆರಾ

೪ ಜೂನ್ ೨೦೧೮, ಸೋಮವಾರ

ಬೆಳಿಗ್ಗೆಯಿಂದ ಪ್ರಿಂಟರಿನ ಗೋಳು. ನಮ್ಮ ಆಸ್ಪತ್ರೆಯ ನಿಲಂಗಾ ಶಾಖೆಯಲ್ಲಿ ನೆಟ್ ಇಲ್ಲ. ಇಲ್ಲಿ ಉಮರ್ಗಾದಲ್ಲಿ ಬಿಲ್ಲಿಂಗ್ ಹ್ಯಾಂಗ್. ಮುಂದಿನ ತಿಂಗಳು ಉದಗೀರದಲ್ಲೂ ಆಸ್ಪತ್ರೆ ತೆರೆಯುತ್ತಾರೆ. ಮೂರು ಊರಿಗೂ ನಾನೊಬ್ಬಳೇ — ಬಾಗಿಲ ಮೇಲೆ ಮಾತ್ರ ‘ಐಟಿ ಹೆಡ್’ ಎಂಬ ದೊಡ್ಡ ಬೋರ್ಡು.

ಸಂಜೆ ಓಂಪ್ರಕಾಶ ಕರೆದರು. ಆಸ್ಪತ್ರೆ ಕಟ್ಟಿದ ಡಾಕ್ಟರ್ ಅಮರನಾಥ ಸಾಹೇಬರ ಮಗ, ಈಗ ಆಡಳಿತವೆಲ್ಲ ಅವರದೇ. ಇಂಜೆಕ್ಷನ್ ಕಳುವಾಗುತ್ತಿವೆಯಂತೆ. ನರ್ಸುಗಳ ಕೋಣೆಯಲ್ಲಿ ಕ್ಯಾಮೆರಾ ಹಾಕಬೇಕಂತೆ. ಅದು ಅವರ ಮೊಬೈಲಿನಲ್ಲಿ ಮಾತ್ರ ಕಾಣಬೇಕಂತೆ.

ಅಲ್ಲಿ ಹೆಣ್ಣುಮಕ್ಕಳು ಬಟ್ಟೆ ಬದಲಿಸುತ್ತಾರೆ ಎಂದೆ. ಬೇಕಾದರೆ ಔಷಧದ ಕಪಾಟಿನ ಎದುರು ಹಾಕಿಸುತ್ತೇನೆ ಎಂದೆ. ನಕ್ಕರು.

“ಮ್ಯಾಡಮ್, ನಿಮ್ಮ ಕೆಲಸ ವಾಯರ್ ಜೋಡ್ಸೋದು. ಎಲ್ಲಿ ಅಂತ ನಾ ಹೇಳ್ತೀನಿ.”

ಆಗುವುದಿಲ್ಲ ಎಂದು ಎದ್ದು ಬಂದೆ.

೧೯ ಜೂನ್

ಇಷ್ಟು ದಿನ ಉದಗೀರದಲ್ಲೇ. ಹೊಸ ಸರ್ವರ್, ಹೊಸ ಕೇಬಲ್. ಅಲ್ಲಿಗೆ ಯಾಕೆ ಅಟ್ಟಿದ್ದರು ಎಂಬುದು ಇವತ್ತು ವಾಪಸು ಬಂದ ಮೇಲೆ ಗೊತ್ತಾಯಿತು.

ಉಮರ್ಗಾದ ನೆಟ್‌ವರ್ಕಿನಲ್ಲಿ ನಾನು ಹಾಕದ ಒಂದು ಕ್ಯಾಮೆರಾ. ತೆರೆದು ನೋಡಿದೆ. ನರ್ಸುಗಳ ಕೋಣೆ. ಹೊರಗಿನವರನ್ನು ಕರೆಸಿ ಹಾಕಿಸಿದ್ದಾರೆ! ಆ ಕೋಣೆಗೆ ಹೋಗಿ ಹುಡುಕಿದರೆ, ಛಾವಣಿಯಲ್ಲಿ ಹೊಗೆ ಅಲಾರ್ಮಿನಂಥ ಡಬ್ಬಿಯೊಳಗೆ.

ಹೆಡ್ ನರ್ಸ್ ತುಳಜಾಬಾಯಿಯನ್ನು ಅಲ್ಲಿಗೇ ಕರೆದು ಹೇಳಿದೆ. ಛಾವಣಿಯ ಕಡೆ ನೋಡಿದರು.

“ದಿನಾ ಇಲ್ಲೇ ಸೀರಿ ಬದಲಾಯಿಸ್ತೀನಿ, ತಂಗಿ.”

ಸ್ಟೂಲ್ ಹತ್ತಿ ಕಿತ್ತೆ. ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

೨೦ ಜೂನ್

ಡಾಕ್ಟರ್ ಅಮರನಾಥ ಸಾಹೇಬರು ತಾವೇ ಕರೆದರು. ತಾಲ್ಲೂಕೆಲ್ಲ ಕೈ ಮುಗಿಯುವ ಮನುಷ್ಯ. ಹೊರಗಿನವರು ತಪ್ಪಿ ಆ ಕೋಣೆಯಲ್ಲಿ ಹಾಕಿದರು ಎಂದು ಐಟಿ ಹೆಡ್ ಆಗಿ ನಾನು ಬರೆದುಕೊಡಬೇಕಂತೆ.

“ಉದಗೀರ ಓಪನಿಂಗ್ ಅದ, ವಿಜಯಶ್ರೀ. ಮನಿ ಮಾತು ಮನ್ಯಾಗೇ ಇರ್ಲಿ.”

ಯಾರ ಮನೆ? ತಡೆಯಲಾಗಲಿಲ್ಲ.

“ತೊಂಬತ್ಮೂರರಾಗ ಭೂಕಂಪ ಆದಾಗ ಬಯಲಾಗ ಹೆರಿಗಿ ಮಾಡ್ಸೀರಿ, ಸಾಹೇಬ್ರ. ಆಗ ಸುತ್ತ ಸೀರಿ ಹಿಡ್ದು ಮರೆ ಮಾಡಿದಾಕಿ ಇದೇ ತುಳಜಾಬಾಯಿ.”

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆವರೆಗೆ ಯೋಚನೆ ಮಾಡು ಎಂದರು. ಅಷ್ಟೇ. ಇವರ ಮೇಲೆ ಎಷ್ಟು ಗೌರವ ಇಟ್ಟುಕೊಂಡಿದ್ದೆ, ಥೂ.

೨೧ ಜೂನ್

ಸಾಹೇಬರಿಗೆ ಬರೆದುಕೊಡಲಿಲ್ಲ; ದೂರು ಕೊಡಲು ಒಬ್ಬಳೇ ಠಾಣೆಗೆ ಹೊರಟೆ. ಆಸ್ಪತ್ರೆಯ ಗೇಟಿನಲ್ಲಿ ತುಳಜಾಬಾಯಿ, ಹಿಂದೆ ನರ್ಸುಗಳೆಲ್ಲ, ಯೂನಿಫಾರ್ಮಿನಲ್ಲೇ ನನ್ನ ಜೊತೆ ಹೊರಟರು. ಠಾಣೆಯಲ್ಲಿ ಆಸ್ಪತ್ರೆಯ ಹೆಸರು ಕೇಳಿದ್ದೇ ಹವಾಲ್ದಾರ ಪೆನ್ನು ಕೆಳಗಿಟ್ಟ. ದೊಡ್ಡವರ ವಿಷಯ, ಮಾತಾಡಿ ಬಗೆಹರಿಸಿಕೊಳ್ಳಿ ಎಂದ. ತುಳಜಾಬಾಯಿ ಬೆಂಚಿನ ಮೇಲೆ ಕೂತುಬಿಟ್ಟರು. ದೂರು ಬರೆದುಕೊಳ್ಳುವ ತನಕ ಏಳುವುದಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಎಲ್ಲರೂ ಕೂತೆವು, ಜಾಗ ಸಾಲದವರು ನೆಲದ ಮೇಲೆ. ಮಧ್ಯಾಹ್ನ ದಾಟಿದ ಮೇಲೆ ಬರೆದುಕೊಂಡರು. ಕ್ಯಾಮೆರಾ ಒಪ್ಪಿಸಿದೆ.

ಸಂಜೆ ಆಫೀಸಿಗೆ ಬಂದರೆ ನನ್ನ ಪಾಸ್‌ವರ್ಡ್ ನಡೆಯುತ್ತಿಲ್ಲ. ಆ ಸಿಸ್ಟಮ್ ಕಟ್ಟಿದವಳೇ ನಾನು!

೨೩ ಜೂನ್, ಸಂಜೆ

ತುಳಜಾಬಾಯಿಯ ಫೋನ್. ಡಾಕ್ಟರ್ ಸಾಹೇಬರು ಠಾಣೆಗೆ ಹೋಗಿ, ಕ್ಯಾಮೆರಾ ಹಾಕಿಸಿದ್ದು ಮಗನೇ ಎಂದು ಹೇಳಿ ಬಂದರಂತೆ. ಪೊಲೀಸರು ಓಂಪ್ರಕಾಶನನ್ನು ವಿಚಾರಣೆಗೆ ಕರೆದುಕೊಂಡು ಹೋದರಂತೆ. ನಂಬಿಕೆ ಬರಲಿಲ್ಲ. ಎರಡು ಸಲ ಕೇಳಿದೆ.

ಸಿಟ್ಟು ಇಳಿದಿಲ್ಲ. ಇಳಿಯಬೇಕೇಕೆ? ಮೊನ್ನೆಯೇ ಹೇಳಬಹುದಿತ್ತಲ್ಲ.

ಅಂಗಳದಲ್ಲಿ ಕಾರು ನಿಂತ ಸದ್ದು. ಕಿಟಕಿಯಿಂದ ಕಂಡಿತು — ಸಾಹೇಬರು, ಒಬ್ಬರೇ. ಒಳಗೆ ಕರೆಯುವುದಿಲ್ಲ. ಮೊದಲು ತುಳಜಾಬಾಯಿಯ ಮನೆಗೆ ಹೋಗಿ ಬನ್ನಿ, ಆಮೇಲೆ ನನ್ನ ಬಾಗಿಲು ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಹೇಳುತ್ತೇನೆ.