ಮೊದಲ ಜೋಡಿಗೆ ಓರೆಸ್ಟ್

ಫೆಬ್ರವರಿ ೧೦, ಮಂಗಳವಾರ

ಬರೆಯಬೇಕಂತೆ. ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಟ್ರ್ಯಾಕ್ಟರ್ ಹತ್ತಿದವನು ನಾನು. ಎಪ್ಪತ್ಮೂರಕ್ಕೆ ಮತ್ತೆ ಪೆನ್ನು. ಐಸ್ ಹಾಕಿ ಮ್ಯಾಚಿನಲ್ಲಿ ರೆಫರಿಗೆ ಬೈದು ಎರಡು ಸಲ ನಮ್ಮ ಟೀಮಿನ ಬೆಂಚಿನಿಂದ ಹೊರಬಿದ್ದೆ, ಬಿ.ಪಿ. ಏರಿತು. ಡೋರೀನ್ ನೋಟ್‌ಬುಕ್ ತಂದು ಮೇಜಿಗೆ ಕುಕ್ಕಿದಳು. "ಬಾಯಿಗೆ ಬಂದದ್ದನ್ನೆಲ್ಲ ಇದಕ್ಕೆ ಸುರಿ. ಮೂರನೇ ಸಲ ಆಚೆ ಹಾಕಿಸ್ಕೊಂಡ್ರೆ ಮನೆಗೇ ಬರ್ಬೇಡ." ಹೆಂಡತಿಯಾಗಿ ಬಂದು ನಲವತ್ತೆಂಟು ವರ್ಷ. ಬರೆದೆ. ಸಾಕು.

ಫೆಬ್ರವರಿ ೧೨

ಡೋರೀನ್‌ಗೆ ಸಾಲದಂತೆ.

ಪ್ರಾಕ್ಟೀಸು ಮುಗಿದ ಮೇಲೆ ಓರೆಸ್ಟ್ ಸ್ಕೇಟ್ ಬಿಚ್ಚುತ್ತ ಹೇಳಿದ: "ಗೀಡೋ, ಈ ಸೀಸನ್ನೇ ಕೊನೆ. ಮೂವತ್ಮೂರಾಯ್ತು. ಬೆಂಚ್ ಬಿಸಿ ಮಾಡೋಕೆ ನನ್ನ ಕುಂಡಿನೇ ಬೇಕಾ?"

ಗೀಡೋ ಅಂದರೆ ಉಕ್ರೇನಿನವರ ಮಾತಲ್ಲಿ ಅಜ್ಜ. ಟೀಮಿಗೆಲ್ಲ ನಾನು ಅದೇ. ಇಪ್ಪತ್ತಾರು ವರ್ಷದಿಂದ ಡಿಫೆನ್ಸಿನವರಿಗೆ, ಇಬ್ಬಿಬ್ಬರಾಗಿ ಇಳಿದು ಎದುರಿನವರನ್ನು ತಡೆಯುವವರಿಗೆ, ಬೆಂಚಿನ ಬಾಗಿಲು ತೆಗೆಯುವವನು. ಅಲ್ಲಿ ನಕ್ಕೆ. ಪಿಕಪ್ಪಿನಲ್ಲಿ ಕೂತು ಸ್ಟಿಯರಿಂಗಿಗೆ ಗುದ್ದಿದೆ. ಊರಿಗೆ ಇರುವ ಒಬ್ಬನೇ ನಿಜವಾದ ಡಿಫೆನ್ಸ್‌ಮನ್ — ಕೊನೆಗೆ ಇಳಿಸುವ ಮೂರನೇ ಜೋಡಿಯಲ್ಲಿ ಕೊಳೆಯುತ್ತಿದ್ದಾನೆ.

ಫೆಬ್ರವರಿ ೧೫

ಕೋಚ್ ಲೈಲ್ ರಿಂಕಿನ ಅಡುಗೆಮನೆಯಲ್ಲಿ ಪೆರೋಗಿ, ಆಲೂಗಡ್ಡೆ ತುಂಬಿದ ಕಡುಬು, ತಿನ್ನುತ್ತಿದ್ದ.

"ಮೊದಲ ಜೋಡಿಗೆ ಓರೆಸ್ಟ್‌ನ ಹಾಕು."

"ವರ್ಷವೆಲ್ಲ ಎರಡು ಗೋಲು ಹೊಡ್ದಿದಾನೆ, ಯಜಮಾನ. ಅಲ್ಲಿ ಈಗಿರೋ ಕರ್ಟಿಸ್ ಹದಿನಾಲ್ಕು."

"ಕರ್ಟಿಸ್ ಐಸ್ ಮೇಲಿದ್ದಾಗ ನಮ್ಗೆ ಬಿದ್ದ ಗೋಲೆಷ್ಟು?"

ಪೆರೋಗಿ ಅಗಿದ. ಇನ್ನೊಂದನ್ನು ಬಾಯಿಗೆ ತುರುಕಿದ.

ಬೆಂಚಿನ ಬಾಗಿಲಲ್ಲಿ ನಿಂತವನಿಗೆ ಕಾಣುತ್ತದೆ. ಮೂಲೆಗೆ ಪಕ್, ಆ ರಬ್ಬರ್ ಬಿಲ್ಲೆ, ತರಲು ಹೋಗುವಾಗ ಓರೆಸ್ಟ್ ಮುಟ್ಟುವ ಮೊದಲೇ ಎರಡು ಸಲ ಹೆಗಲ ಹಿಂದೆ ನೋಡುತ್ತಾನೆ. ಮುಟ್ಟಿದ, ಕೊಟ್ಟ, ಆಯಿತು. ಚಪ್ಪಾಳೆ ಇಲ್ಲ. ಅವನ ಜೊತೆ ಆಡಿದರೆ ಕತ್ತೆಯೂ ಆವತ್ತು ಕುದುರೆ. ಎದುರಿನವರ ದೊಡ್ಡ ಆಟಗಾರನ ಹೆಸರು ಮೈಕಿನಲ್ಲಿ ಕೇಳುವುದೇ ಇಲ್ಲ. ಮೊದಲ ಜೋಡಿ ಅಂದರೆ ಇದು. ಲೈಲ್‌ಗೆ ಗೋಲು ಮಾತ್ರ ಕಾಣುತ್ತದೆ.

ಮಾರ್ಚ್ ೭, ಶನಿವಾರ

ಬೂಟು ಕೂಡ ಬಿಚ್ಚದೆ ಬರೆಯುತ್ತಿದ್ದೇನೆ, ಖುಷಿಗೆ.

ಫೈನಲ್ಸ್, ಮೊದಲ ಮ್ಯಾಚು. ಎರಡನೇ ಅವಧಿಯಲ್ಲಿ ಕಡೆ ಬದಲಾಗಿ ನಮ್ಮ ಗೋಲು ಬೆಂಚಿಗೆ ದೂರ. ಡಿಫೆನ್ಸಿನವನು ಸಮಯ ನೋಡಿ ಹೊರಗೆ ಬರಬೇಕು. ಕರ್ಟಿಸ್ — ಪಕ್ ಇನ್ನೂ ನಮ್ಮ ಕಡೆ ಇರುವಾಗಲೇ ನೀರು ಕುಡಿಯಲು ಬೆಂಚಿಗೆ ಓಡಿಬಂದ. ಎದುರಿನವರ ಏಳನೇ ನಂಬರಿನವನಿಗೆ ಖಾಲಿ ಐಸ್. ಗೋಲು. ಒಂದು-ಒಂದು. ಐದು ನಿಮಿಷಕ್ಕೆ ಮತ್ತೆ ಅದೇ. ಪಕ್ ಗೋಲಿನ ಕಂಬಕ್ಕೆ ಬಡಿದು ಉಳಿದೆವು.

ಲೈಲ್ ಮತ್ತೂ ಅಂದ, "ಕರ್ಟಿಸ್, ಹೋಗು."

ಬಾಗಿಲನ್ನು ಕರ್ಟಿಸನ ಮೊಣಕಾಲಿಗೆ ಒತ್ತಿ ಹಿಡಿದೆ. "ನೀನು ಕೂತ್ಕೊಂಡು ನೀರು ಕುಡಿ. ಓರೆಸ್ಟ್, ಹೋಗೋ."

ಓರೆಸ್ಟ್ ಬೆಂಚಿನ ಮುಂದಿನ ಹಲಗೆ ಹಾರಿ ಹೋಗೇಬಿಟ್ಟ.

"ಇಲ್ಲಿ ಕೋಚ್ ಯಾರೋ?" ಎಂದ ಲೈಲ್.

"ನೀನೇ. ಬಾಗಿಲು ನಂದು."

ಅಷ್ಟರಲ್ಲಿ ಆ ಏಳನೇ ನಂಬರಿನವನು ಬಂದ, ಪಕ್ಕದಲ್ಲಿ ಇನ್ನೊಬ್ಬ. ಇಬ್ಬರಿಗೆ ಓರೆಸ್ಟ್ ಒಬ್ಬ. ಮಲಗಲಿಲ್ಲ, ಮೇಲೆ ಬೀಳಲಿಲ್ಲ. ಕೋಲು ಚಾಚಿ ಪಾಸಿನ ದಾರಿ ಮುಚ್ಚಿದ. ಹೊಡೆತವನ್ನು ಗೋಲ್‌ಕೀಪರಿಗೆ ಬಿಟ್ಟ. ಗೋಲ್‌ಕೀಪರ್ ಹಿಡಿದ. ಅಲ್ಲಿಂದಾಚೆ ಏಳನೇ ನಂಬರಿನವನು ಮಾಯ. ಕೊನೆಗೆ ಸಿಟ್ಟಿಗೆ ತನ್ನ ಕೋಲನ್ನೇ ಮುರಿದ. ಎರಡು-ಒಂದಕ್ಕೆ ಗೆದ್ದೆವು. ಮೂರನೇ ಅವಧಿಯಲ್ಲಿ ಲೈಲ್ ತಾನಾಗಿಯೇ "ಓರೆಸ್ಟ್" ಎಂದು ಕರೆದದ್ದು ಹನ್ನೊಂದು ಸಲ. ನನ್ನ ಕಡೆ ನೋಡಲಿಲ್ಲ.

ರೆಫರಿಗೆ ಒಂದು ಮಾತೂ ಬೈದಿಲ್ಲ. ಮರೆತೇಹೋಯಿತು.

ಮಾರ್ಚ್ ೨೨

ಕಪ್ ನಮ್ಮದು. ಉಳಿದ ಎಲ್ಲ ಮ್ಯಾಚಿಗೂ ಓರೆಸ್ಟ್ ಮೊದಲ ಜೋಡಿ. ಡೋರೀನ್ ಕಪ್ಪಿಗೆ ಪೆರೋಗಿ ತುಂಬಿಸಿ, ಮೇಲೆ ಹುರಿದ ಈರುಳ್ಳಿ ಸುರಿದು ಹಂಚಿದಳು. ಕರ್ಟಿಸ್ ಬಂದು ತಬ್ಬಿಕೊಂಡ: "ಮೊಣಕಾಲು ಇನ್ನೂ ನೋಯ್ತದೆ, ದರಿದ್ರ ಮುದ್ಕ."

ಲೈಲ್ ಕಿವಿಯಲ್ಲಿ ಹೇಳಿದ, "ಮುಂದಿನ ವರ್ಷಾನೂ ಅವನೇ ಮೊದಲ ಜೋಡಿ. ಈಗ ಬಾಯ್ಮುಚ್ಚು."

ಮುಚ್ಚಲಿಕ್ಕೆ ನೋಡಿದೆ. ನಗು ಬಿಡಲಿಲ್ಲ.

ಮಾರ್ಚ್ ೩೦

ಓರೆಸ್ಟ್ ಕೆಲಸ ಮಾಡುವ ಧಾನ್ಯದ ಗೋದಾಮಿಗೆ ಹೋದೆ. ತೂಕದ ಕೋಣೆಯಲ್ಲಿ ಲಾರಿ ತೂಗುತ್ತಿದ್ದ. ಲೈಲ್ ಅಂದದ್ದನ್ನು ಹೇಳಿದೆ. ಕಿವಿ ಕೆಂಪಾಯಿತು ಅವನಿಗೆ, ಹುಡುಗಿಯ ಹಾಗೆ.

"ಹೆಂಡ್ತಿನ ಕೇಳ್ಬೇಕು, ಗೀಡೋ."

"ಕೇಳು. ನಾನೂ ಕೇಳಿ ಕೇಳಿನೇ ಬದುಕಿರೋದು."

ನಕ್ಕ. ಲಾರಿಯ ಚೀಟಿ ಬರೆಯತೊಡಗಿದ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಹೊಡೆಯಲಿ. ಕಿಟಕಿಗೆ ತಲೆ ತೂರಿಸಿ ಹೇಳಿಬಂದೆ: ಆಡ್ತೀಯೋ ಇಲ್ವೋ, ಒಂದೇ ಮಾತು. ಏಪ್ರಿಲ್ ಹದಿನೈದರೊಳಗೆ ಹೇಳು, ಮುಂದಿನ ವರ್ಷದ ಟೀಮಿನ ಪಟ್ಟಿ ಬರೆಯೋದು ಅವತ್ತೇ.