ಅಧಿಕಾರಿಗಳ ಕ್ರಾಪು ಮತ್ತು ನನ್ನ ಅಣ್ಣನ ಮಾತು

ಸಂವಹನ ಸಾಧನಗಳ ಮಂಜೂರಾತಿ ಅಧಿಕಾರಿಗಳೇ, ಮಾನ್ಯರೇ,

ನನ್ನ ಅಣ್ಣನ ಮಾತು ಹೋಗುತ್ತಿದೆ. ಪೂರ್ತಿ ಹೋಗಿಲ್ಲ ಎಂಬ ಕಾರಣಕ್ಕೆ ಅವನಿಗೆ ಮಾತಾಡುವ ಯಂತ್ರ ಕೊಡಲಾಗದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಯಂತ್ರ ಅವನದೇ ದನಿಯಲ್ಲಿ ಮಾತಾಡಬೇಕಾದರೆ, ದನಿ ಇರುವಾಗಲೇ ಅದನ್ನು ಮುದ್ರಿಸಿಕೊಳ್ಳಬೇಕು. ಆದರೆ ತಮ್ಮ ಧ್ವನಿಮುದ್ರಣ ಕೊಠಡಿಯ ಬಾಗಿಲು ತೆರೆಯುವುದು ಮಂಜೂರಾತಿ ಸಿಕ್ಕವರಿಗೆ ಮಾತ್ರ. ಮಂಜೂರಾತಿ ಸಿಗುವುದು ಮಾತು ಪೂರ್ತಿ ನಿಂತವರಿಗೆ ಮಾತ್ರ. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ನನ್ನ ಕಣ್ಣೇ ಮೋಸ ಮಾಡಿತೇನೋ ಎಂದು ಕನ್ನಡಕ ಬದಲಿಸಿ ಮತ್ತೊಮ್ಮೆ ಓದಿದೆ. ನಿಯಮ ಹಾಗೆಯೇ ಇತ್ತು.

ಅಣ್ಣ ಕ್ಷೌರಿಕ. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಅವನದು. ಮೊದಲು ಕೈ ಹೋಯಿತು, ಈಗ ನಾಲಿಗೆಯ ಸರದಿ. ಕ್ಷೌರಿಕ ಗಿರಾಕಿಯ ಮುಖ ನೋಡಿ ಮಾತಾಡುವುದಿಲ್ಲ, ಕನ್ನಡಿಯೊಳಗಿನ ಮುಖದ ಜೊತೆ ಮಾತಾಡುತ್ತಾನೆ. ಅಣ್ಣನ ಆಯುಷ್ಯವೆಲ್ಲ ಹಾಗೇ ಕಳೆದಿದೆ. ಆದ್ದರಿಂದ ಕತ್ತರಿ ಅತ್ತಿಗೆಯ ಕೈಗೆ ಬಂದ ಮೇಲೆ ನಾವು ಅವನ ಅಂಗಡಿಯ ಕನ್ನಡಿಯ ಸುತ್ತ ಅಕ್ಷರಗಳನ್ನು ಅಂಟಿಸಿದೆವು. ಅಣ್ಣ ಹಿಂದಿನ ಕುರ್ಚಿಯಲ್ಲಿ ಕೂತು ಬೇಕಾದ ಅಕ್ಷರ ನೋಡುತ್ತಾನೆ. ಅತ್ತಿಗೆ ಕೂದಲು ಕತ್ತರಿಸುತ್ತಲೇ ಕನ್ನಡಿಯಲ್ಲಿ ಅವನ ಕಣ್ಣು ಎತ್ತ ತಿರುಗಿತೆಂದು ಗುರುತಿಸಿ ಓದುತ್ತಾರೆ.

"ಹಿಂದುಗಡೆ ಇನ್ನೂ ಸಣ್ಣ ಮಾಡು ಅಂತಿದ್ದಾರೆ," ಎನ್ನುತ್ತಾರೆ ಅತ್ತಿಗೆ.

"ತಲೆ ನಂದು ಕಣಮ್ಮ, ತೀರ್ಮಾನ ಅವರದಾ?" ಎನ್ನುತ್ತಾನೆ ಗಿರಾಕಿ.

"ಮೊದ್ಲಿಂದ್ಲೂ ಹಂಗೇ ಅಲ್ವಾ? ಆಗ ಬಾಯಲ್ಲಿ ಹೇಳ್ತಿದ್ರು, ಅಷ್ಟೇ."

ವ್ಯವಸ್ಥೆ ಚೆನ್ನಾಗಿಯೇ ಇದೆ. ತೊಂದರೆ ಏನೆಂದರೆ, ನೋಡುವವರು ಇದ್ದರೆ ಮಾತ್ರ ಕಣ್ಣಿಗೆ ಮಾತು ಬರುತ್ತದೆ. ಅತ್ತಿಗೆ ಅಡುಗೆಮನೆಯಲ್ಲಿದ್ದಾಗ ಹಾಸಿಗೆಯಲ್ಲಿ ಮಲಗಿದ ಅಣ್ಣನ ಬೆನ್ನು ತುರಿಸಿದರೆ ಅವನು ಯಾವ ಕನ್ನಡಿಗೆ ಹೇಳಬೇಕು? ಅದಕ್ಕೇ, ಕಣ್ಣಿನ ಚಲನೆಯನ್ನು ತಾನೇ ಓದಿ ಮಾತಾಡುವ ಯಂತ್ರ ಕೇಳಿದೆವು.

ಇನ್ನು ತಮ್ಮ ಕೊಠಡಿಯಲ್ಲಿ ನಡೆದ ಪರೀಕ್ಷೆಯ ವಿಷಯ. ತಾವು ಮರೆತಿರಲಾರಿರಿ, ಈ ಬಹಿರಂಗ ಪತ್ರದ ಓದುಗರಿಗಾಗಿ ಹೇಳುತ್ತೇನೆ. "ಏನೇ ಕೇಳ್ಲಿ, ಬಾಯಿ ಬಿಡ್ಬೇಡಿ ರೀ," ಎಂದು ಅತ್ತಿಗೆ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ತಾವು ಹೆಸರು ಕೇಳಿದಿರಿ, ಅಣ್ಣ ಸುಮ್ಮನಿದ್ದ. ವಯಸ್ಸು ಕೇಳಿದಿರಿ, ಸುಮ್ಮನಿದ್ದ. "ನಿಮಗೆ ಮಾತು ಬರುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಬೇಕು," ಎಂದಿರಿ, ಅದಕ್ಕೂ ಸುಮ್ಮನಿದ್ದ. ಕೊನೆಗೆ ತಾವು ಮಂಜೂರಾತಿಗೆ ಸಹಿ ಹಾಕಲು ತಲೆ ಬಗ್ಗಿಸಿದಿರಿ. ಅಲ್ಲೇ ಎಲ್ಲ ಕೆಟ್ಟಿತು. ತಮ್ಮ ಬಲಗಿವಿಯ ಮುಂದಿನ ಕೂದಲು ಕಿವಿಯ ಅರ್ಧದವರೆಗೆ ಇಳಿದಿತ್ತು. ಎಡಗಿವಿಯ ಮುಂದಿನದು ಕಿವಿಗಿಂತ ಮೇಲೆಯೇ ನಿಂತುಬಿಟ್ಟಿತ್ತು.

ಅಣ್ಣನ ತುಟಿ ನಡುಗಿತು. ಅತ್ತಿಗೆ ಕಣ್ಣು ಮುಚ್ಚಿಕೊಂಡರು.

"ಯಾ...ರು... ಕಟ್... ಮಾಡಿದ್ದು?"

ಯಂತ್ರಕ್ಕಾಗಿ ಹಲ್ಲುಕಚ್ಚಿ ಕೂತವನು ಕ್ರಾಪಿನ ಮುಂದೆ ಸೋತ. ತಾವು ಕಿವಿ ಮುಟ್ಟಿಕೊಂಡು, "ಯಾಕೆ, ಏನಾಗಿದೆ?" ಎಂದಿರಿ. "ಎಡ... ಮೇಲೆ," ಎಂದ. ತಾವು ಎದ್ದು ಹೋಗಿ ಬೀರುವಿನ ಗಾಜಿನಲ್ಲಿ ಎಡಬಲ ನೋಡಿಕೊಂಡಿರಿ. ಅವನು ಹೇಳಿದ್ದು ಸರಿ ಎಂದು ಖಾತ್ರಿಯಾದ ಮೇಲೆ ಬಂದು ಕೂತು ಬರೆದಿರಿ: "ಅರ್ಜಿದಾರರು ಪ್ರಶ್ನೆ ಕೇಳಬಲ್ಲರು, ಉತ್ತರಿಸಬಲ್ಲರು, ಅಭಿಪ್ರಾಯ ವ್ಯಕ್ತಪಡಿಸಬಲ್ಲರು. ತಿರಸ್ಕರಿಸಲಾಗಿದೆ." ಸ್ವಾಮಿ, ಈ ಮೂರನ್ನೂ ಮಾಡಬಲ್ಲವರು ತಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ? ಕ್ರಾಪು ಕಂಡರೆ ಕ್ಷೌರಿಕ ಬಾಯಿ ಬಿಡುತ್ತಾನೆ. ಅದು ಅವನ ಉಳಿದ ಮಾತಿನ ಅಳತೆಯೇ?

ಹೊರಗೆ ಬರುವಾಗ ನಾನು ಧ್ವನಿಮುದ್ರಣ ಕೊಠಡಿಗೆ ಇಣುಕಿದೆ. ಗೋಡೆಗೆ ಮೆತ್ತೆ, ಮೇಜಿನ ಮೇಲೆ ಹೊಸ ಮೈಕು, ಪಕ್ಕದಲ್ಲಿ ಅದನ್ನು ಒರೆಸುತ್ತ ಕೂತ ತಂತ್ರಜ್ಞ.

"ಕೆಲ್ಸ ಹೆಂಗೆ ನಡೀತಿದೆ?" ಎಂದು ಕೇಳಿದೆ.

"ಬಹಳ ಶಾಂತವಾಗಿದೆ ಸರ್. ಇಲ್ಲಿಗೆ ಬಂದವ್ರ್ಯಾರೂ ಇದುವರೆಗೂ ಒಂದು ಮಾತೂ ಆಡಿಲ್ಲ."

"ಮತ್ತೆ ಏನು ರೆಕಾರ್ಡ್ ಮಾಡ್ತೀರಿ?"

"ಏನಿದ್ಯೋ ಅದನ್ನೇ. ಕೇಳ್ತೀರಾ?" ಎಂದು ಒಂದನ್ನು ಹಾಕಿದ. ಫ್ಯಾನಿನ ಸದ್ದು ಕೇಳಿತು. "ಇದು ಒಬ್ಬ ಮೇಷ್ಟ್ರದು. ಇನ್ನೊಬ್ರದು ಇದೆ, ಅದ್ರಲ್ಲಿ ಕೆಮ್ಮು ಬರತ್ತೆ. ನಮ್ಮಲ್ಲಿರೋದ್ರಲ್ಲಿ ಅದೇ ಚೆನ್ನಾಗಿ ಬಂದಿರೋದು."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. ಅವರು ತಾವು ಕೊಟ್ಟ ಆದೇಶದ ಕೊನೆಯ ಸಾಲು ಓದುತ್ತಿದ್ದರು: ಮಾತು ಪೂರ್ತಿ ನಿಂತ ಮೇಲೆ ಅರ್ಜಿಯನ್ನು ಮರುಪರಿಶೀಲಿಸಲಾಗುವುದು; ಅಲ್ಲಿಯವರೆಗೆ ಕಚೇರಿಯ ಸಿಬ್ಬಂದಿ ಮುನ್ಸೂಚನೆ ಇಲ್ಲದೆ ಮನೆಗೆ ಭೇಟಿ ಕೊಡುತ್ತಾರೆ; ಅರ್ಜಿದಾರರು ಮಾತಾಡುವುದು ಕೇಳಿಬಂದರೆ ಅರ್ಜಿಯನ್ನು ಶಾಶ್ವತವಾಗಿ ವಜಾ ಮಾಡಲಾಗುವುದು.

ಅಂದಿನಿಂದ ಅಣ್ಣ ಮನೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಗಮನಿಸಿ, ಮಾತು ಬಾರದೆ ಅಲ್ಲ. ಉಳಿದಿರುವುದು ಹತ್ತಿಪ್ಪತ್ತು ಪದ ಇರಬಹುದು, ಕೆಲವೇ ತಿಂಗಳು ಇರಬಹುದು, ಆಡುವಷ್ಟು ಆಡಲಿ ಎಂದು ವೈದ್ಯರು ಹೇಳಿದ್ದಾರೆ. ಆದರೆ ಯಂತ್ರವೂ ತಪ್ಪಿಹೋದರೆ ಮುಂದೆ ಏನೂ ಇರುವುದಿಲ್ಲವಲ್ಲ ಎಂಬ ಭಯ ಅವನಿಗೆ. ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದರೂ ಅತ್ತಿಗೆ ಓಡಿಬಂದು ಅಣ್ಣನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಕಾಯಿಲೆ ಇನ್ನೂ ಕಿತ್ತುಕೊಳ್ಳದ ಮಾತನ್ನು ತಮ್ಮ ಕಚೇರಿ ಮುಂಚಿತವಾಗಿಯೇ ಜಪ್ತಿ ಮಾಡಿದೆ. ಸರ್ಕಾರಿ ಕೆಲಸ ನಿಧಾನ ಎಂದು ದೂರುವವರು ಇದನ್ನು ನೋಡಬೇಕು.

ಅಣ್ಣನ ಮಗಳಿಗೆ ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಆ ಹೆಸರಿಟ್ಟವನು ಅಣ್ಣ. ಶಾಲೆಯಿಂದ ಬಂದವಳು ಮೊದಲು ಅವನೆದುರು ನಿಲ್ಲುತ್ತಾಳೆ. ಅವನು ಬಾಗಿಲ ಕಡೆ ನೋಡಿ ಸುಮ್ಮನಾಗುತ್ತಾನೆ. ಕೊನೆಗೆ ಉಪಾಯ ಕಂಡುಹಿಡಿದವಳೂ ಅವಳೇ.

"ಅಪ್ಪಾ, ಆಫೀಸ್ನೋರಿಗೆ ಭಾನುವಾರ ರಜಾ ಅಲ್ವಾ? ಭಾನುವಾರ ಕರಿ."

ಹೋದ ಭಾನುವಾರ ಕಿಟಕಿ ಮುಚ್ಚಿ ಎಲ್ಲರೂ ಸುತ್ತ ಕೂತೆವು. "ಗುಬ್ಬಿ" ಎಂದ. ಈ ಭಾನುವಾರ "ಗು" ಎಂಬಲ್ಲಿಗೆ ನಿಂತಿತು. ಅವಳು "ಆಂ, ಬಂದೆ!" ಎಂದು ಓಡಿಬಂದಳು, ಪೂರ್ತಿ ಕೇಳಿಸಿದವಳ ಹಾಗೆ.

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಆ ಕೊಠಡಿಯ ಬಾಗಿಲನ್ನು ಈ ವಾರವೇ ಅಣ್ಣನಿಗೆ ತೆರೆಯಿರಿ. ತಂತ್ರಜ್ಞನಿಗೂ ಒಂದು ಮಾತು ಕೇಳಿದ ಪುಣ್ಯ ಬರಲಿ. ಅಷ್ಟರವರೆಗೆ ಅವನು ಮನೆಯಲ್ಲಿ ಮಗಳನ್ನು ಕರೆಯಬಹುದು ಎಂದು ಒಂದು ಸಾಲು ಬರೆದು ಮೊಹರು ಒತ್ತಿ ಕಳಿಸಿ, ಬಾಗಿಲಿಗೆ ಅಂಟಿಸುತ್ತೇವೆ. ತಮ್ಮ ಕ್ರಾಪನ್ನು ಅತ್ತಿಗೆ ಸರಿಮಾಡಿಕೊಡುತ್ತಾರೆ. ಅಣ್ಣ ಕನ್ನಡಿಯಿಂದ ಮೇಲ್ವಿಚಾರಣೆ ಮಾಡುತ್ತಾನೆ, ಒಂದೂ ಮಾತಾಡುವುದಿಲ್ಲ ಎಂದು ನಾನು ಜಾಮೀನು ನಿಲ್ಲುತ್ತೇನೆ. ಇದ್ಯಾವುದೂ ನಿಯಮದಲ್ಲಿ ಇಲ್ಲವಾದರೆ ಕೊನೆಯ ಕೋರಿಕೆ: ದಯವಿಟ್ಟು ತಮ್ಮ ಕಚೇರಿಗೆ ನಾಳೆಯಿಂದಲೇ ರಜೆ ಘೋಷಿಸಿ. ಮುಂದಿನ ಭಾನುವಾರದವರೆಗೆ ಕಾಯುವಷ್ಟು ಅಕ್ಷರ ನಮ್ಮಲ್ಲಿ ಉಳಿದಿಲ್ಲ.

ಇಂತಿ,
ಸದ್ಯಕ್ಕೆ ಮಾತು ಚೆನ್ನಾಗಿ ಬರುವ, ಆದ ಕಾರಣ ತಮ್ಮಿಂದ ಯಾವ ಸೌಲಭ್ಯಕ್ಕೂ ಅರ್ಹನಲ್ಲದ,
ಕ್ಷೌರಿಕನ ತಮ್ಮ